ಕರಡಿಗೆಯ ಕಪ್ಪು

ಖಾನಾಪುರದ ಮನೆಯ ಹಿತ್ತಲಿನಲ್ಲಿ ಆ ಬೆಳಗ್ಗೆ ಮಂಜಿತ್ತೋ ಒಲೆಯ ಹೊಗೆಯಿತ್ತೋ, ಈಗ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯ ಯಾವುದೋ ಚಳಿಗಾಲ. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಟಿಳಕವಾಡಿಯ ನಮ್ಮ ಮನೆಗೆ ಬಂದಿದ್ದೆ. ಅಲ್ಲಿಂದ ಅವ್ವನ ಜೊತೆ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ನೋಡಲು ಖಾನಾಪುರಕ್ಕೆ ಹೋಗಿದ್ದೆ.

ಆಯಿಯ ಬೆಳ್ಳಿ ಕರಡಿಗೆ ಕಪ್ಪಾಗಿತ್ತು. ಇಷ್ಟಲಿಂಗವನ್ನು ಅದರೊಳಗಿಟ್ಟು ಅವಳು ಮದುವೆಗೂ ಮುಂಚಿನಿಂದ ಕೊರಳಲ್ಲಿ ಧರಿಸಿದ್ದಳು. ಈಗ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಖಾಲಿ ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟಳು.

“ಮೈಯಾಗ ಇಸಾ ತುಂಬಿದ್ರ ಬೆಳ್ಳಿ ಹಿಂಗ ಆಕ್ಕೈತಂತ. ಇದನ್ನ ಮತ್ತ ಹಾಕ್ಕೊಳ್ಳೂ ದಿನ ಬರತೈತೋ ಇಲ್ಲೋ ತಮ್ಮಾ.”

“ಇಸಾ ಅಲ್ಲ ಆಯಿ, ನಿನ್ನ ತುರಿಕಿ ಮುಲಾಮು. ಅದರಾಗಿನ ಗಂಧಕ ಬೆಳ್ಳಿ ಕೂಡ ಸಂಸಾರ ಹೂಡೇತಿ. ತಡಿ, ಬಿಡಿಸಿ ಕೊಡ್ತೀನಿ.”

ಅಲ್ಯುಮಿನಿಯಂಗೆ ನಮ್ಮಲ್ಲಿ ಜರ್ಮನ್ ಎನ್ನುತ್ತಿದ್ದರು. ಜರ್ಮನ್ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು, ಅಡುಗೆ ಸೋಡಾ ಸುರಿದು, ಕರಡಿಗೆಯನ್ನು ತಳಕ್ಕೆ ತಾಗುವಂತೆ ಮುಳುಗಿಸಿದೆ. ಪಾತ್ರೆ ತಾನು ಇಷ್ಟಿಷ್ಟೇ ಸವೆದು ಬೆಳ್ಳಿಯನ್ನು ಗಂಧಕದಿಂದ ಬಿಡಿಸುತ್ತದೆ. ಹೊರಬಿದ್ದ ಗಂಧಕ ನೀರಿನ ಜಲಜನಕದ ಕೈಹಿಡಿದು ಹಬೆಯೊಂದಿಗೆ ಎದ್ದುಹೋಗುತ್ತದೆ. ನೀರಿನಡಿ ನಸುಕು ಹರಿದಂತೆ ಕಪ್ಪು ತೆಳುವಾಗುತ್ತ ಹೋಯಿತು. ಮೂವರೂ ಪಾತ್ರೆಯ ಮೇಲೆ ಬಗ್ಗಿ ನೋಡುತ್ತಿದ್ದೆವು.

ಆಮೇಲೆ ಆಯಿ ಸೆರಗಿನಿಂದ ಮೂಗು ಮುಚ್ಚಿದಳು.

“ನನ್ನ ಮನ್ಯಾಗ ತತ್ತಿ ಕುದಿಸೀಯೇನೋ?”

ಆ ಚೂರು ಗಂಧಕದಿಂದ ಅಷ್ಟು ವಾಸನೆ ಬಂದೀತೇ? ನಂಬಿಕೆಯಿಲ್ಲ. ಪ್ರಯೋಗಶಾಲೆಯ ನಾತವನ್ನು ನನ್ನ ನೆನಪೇ ಆ ಹಿತ್ತಲಿಗೆ ಹೊತ್ತು ತಂದಿರಬಹುದು. ಆದರೆ ಅವಳು ಮೂಗು ಮುಚ್ಚಿದ್ದು ಖರೆ. ತತ್ತಿಯಲ್ಲೂ ಇದೇ ಗಂಧಕವಿದೆ, ಅಷ್ಟೇ ಎಂದು ತಿಳಿಹೇಳಲು ಹೋಗಿ ಕೆಲಸ ಇನ್ನೂ ಕೆಟ್ಟಿತು.

“ಹಂಗಾರ ಇಷ್ಟು ದಿನಾ ತತ್ತಿ ಬಳಕೊಂಡು ಲಿಂಗಪೂಜಿ ಮಾಡಿದ್ನೇನು?”

ಫಳಫಳಿಸುವ ಕರಡಿಗೆಯನ್ನು ನಾನು ಮುಂದೆ ಹಿಡಿದರೂ ಆಯಿ ಮುಟ್ಟಲಿಲ್ಲ. ಅವಳ ಕೈ ಮಾತ್ರ ಎದೆಯ ಮೇಲೆ ಅದು ಇರುತ್ತಿದ್ದ ಜಾಗಕ್ಕೆ ಹೋಗಿ ಹೋಗಿ ಬರುತ್ತಿತ್ತು. ಗಂಧಕ ಕೂದಲಿನಲ್ಲಿದೆ, ಉಗುರಿನಲ್ಲಿದೆ, ಉಳ್ಳಾಗಡ್ಡಿಯಲ್ಲಿದೆ. ಯಾವುದರ ಜೊತೆ ಕೂಡುತ್ತದೋ ಅದಕ್ಕೆ ತಕ್ಕಂತೆ ಗುಣ ಬೇರೆಯಾಗುತ್ತದೆ ಎಂದು ನಾನು ಪಾಠ ಶುರುಮಾಡಿದೆ.

ಅವ್ವ ನಕ್ಕಳು. “ಕೇಳಿದ್ರೇನ್ರಿ ಅತ್ತಿ? ಉಳ್ಳಾಗಡ್ಡಿ ಇಲ್ದ ನಿಮಗ ರೊಟ್ಟಿ ಇಳಿಯೂದಿಲ್ಲ.”

“ಉಳ್ಳಾಗಡ್ಡಿ ಹೊಲದಾಗ ಬೆಳಿತೈತವ್ವಾ.”

“ಗಂಧಕಾನೂ ನೆಲದಾಗ ಸಿಗತೈತಿ ಆಯಿ. ಕೋಳಿ ಹೊಟ್ಟ್ಯಾಗಿಂದ ಯಾರೂ ತಗಿಯೂದಿಲ್ಲ.”

ಆಯಿಗೆ ನಗು ಬಂತು, ತಡೆದುಕೊಂಡಳು. ಕರಡಿಗೆಯನ್ನು ತಾನೇ ಬಾವಿಯ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಮೂಸಿ ನೋಡಿದಳು. ಅವ್ವನಿಗೂ ಮೂಸಲು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಲಿಂಗ ಅದರೊಳಗಿತ್ತು, ಕರಡಿಗೆ ಕೊರಳಲ್ಲಿತ್ತು.

ಊಟಕ್ಕೆ ಕುಳಿತಾಗ ಅವ್ವ ಬಡಿಸಿದ ಉಳ್ಳಾಗಡ್ಡಿಯನ್ನು ಆಯಿ ಮೆಲ್ಲಗೆ ತಾಟಿನ ಅಂಚಿಗೆ ಸರಿಸಿದಳು.