ಮೇಜು ಮುರಿದ ಕಲ್ಲು

ನಮ್ಮ ಹಳ್ಳದ ಬೀದಿಯವರಿಗೆ ಇಸವಿ ನೆನಪಿರುವುದಿಲ್ಲ, ಕಲ್ಲು ನೆನಪಿರುತ್ತದೆ. ವರ್ಷದ ಮುಕ್ಕಾಲು ಪಾಲು ಆ ಹಳ್ಳದಲ್ಲಿ ಪಾದ ನೆನೆಯುವಷ್ಟೂ ನೀರಿರುವುದಿಲ್ಲ. ಅಲ್ಲೇ ಬಟ್ಟೆ ಒಣಹಾಕುತ್ತೇವೆ, ಮಕ್ಕಳು ಚೆಂಡಾಡುತ್ತಾರೆ. ಆಮೇಲೆ ಒಂದು ದಿನ, ನಮ್ಮ ನೆತ್ತಿಯ ಮೇಲೆ ಬಿಸಿಲು ಚುರುಗುಟ್ಟುತ್ತಿರುವಾಗಲೇ, ಹಿಂದಿನ ಬೆಟ್ಟದಲ್ಲೆಲ್ಲೋ ಮಳೆ ಸುರಿದು, ನೀರು, ಮರ, ಬಂಡೆ ಎಲ್ಲ ಒಟ್ಟಿಗೆ ಇಳಿದು ಬರುತ್ತವೆ. ನೀರು ತನ್ನ ಪಾಡಿಗೆ ಹರಿದು ಹೋಗುತ್ತದೆ. ಬಂಡೆ ಮಾತ್ರ ಬೇಡದ ನೆಂಟನಂತೆ ಇಲ್ಲೇ ಠಿಕಾಣಿ ಹೂಡುತ್ತದೆ. ಬ್ರೆಡ್ ಅಂಗಡಿಯ ಮೆಟ್ಟಿಲು ಮುತ್ತಜ್ಜನ ಕಾಲದ ನೆರೆ ತಂದದ್ದು. ಚಪ್ಪಲಿ ಹೊಲಿಯುವವನು ಚರ್ಮ ಬಡಿಯುವ ಕಲ್ಲು ಅವನಮ್ಮ ಬಸುರಿಯಾಗಿದ್ದಾಗ ಬಂದದ್ದು. ಅವನ ವಯಸ್ಸು ಕೇಳಿದರೆ ಇವತ್ತಿಗೂ ಆ ಕಲ್ಲನ್ನೇ ತೋರಿಸುತ್ತಾನೆ.

ಬೀದಿಗೆ ಇನ್ನೊಂದು ಪದ್ಧತಿಯೂ ಇತ್ತು. ಹಳ್ಳದ ಮೇಲ್ಗಡೆಯಿಂದ ಕಲ್ಲಿಗೆ ಕಲ್ಲು ಬಡಿಯುವ ಗಡಗಡ ಸದ್ದು ಕೇಳಿಸಿತೋ, ಮೊದಲು ಕಸುಬಿನ ಸಾಮಾನು ಅಟ್ಟಕ್ಕೆ, ಆಮೇಲೆ ಮನುಷ್ಯರು. ಇದನ್ನು ಯಾರು ಶುರು ಮಾಡಿದರೋ, ಅವರ ಬುದ್ಧಿಗಿಷ್ಟು ಬೆಂಕಿ ಹಾಕ!

ನನ್ನ ಸೋದರತ್ತೆ ದರ್ಜಿ, ಮನೆಯೇ ಅಂಗಡಿ. ಬೀದಿಯವರು ಕರೆಯುತ್ತಿದ್ದದ್ದು ಕತ್ತರಿಯಕ್ಕ ಎಂದು, ಅವಳ ಕತ್ತರಿಗಿಂತ ಬಾಯಿ ಹರಿತ ಎಂದು ಬೇರೆ ಹೇಳಬೇಕಿಲ್ಲ. ಮಾವ ಮೆತ್ತನೆಯ ಮನುಷ್ಯ. ಅವಳು ಕತ್ತರಿಸಿದ್ದನ್ನು ಹೊಲಿಯುತ್ತಿದ್ದರು, ಅವಳು ಬೈದದ್ದನ್ನು ನುಂಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಹಳ್ಳದ ಸದ್ದು ಕೇಳಿಸಿತು. ಮಾವ ಹೊಲಿಗೆ ಮಿಷನ್ನಿನ ತಲೆ ಬಿಚ್ಚಿ ಅಟ್ಟಕ್ಕೆ ಏರಿಸಿದರು. ಅತ್ತೆಯೂ ಹತ್ತಿದಳು. ಆದರೆ ಬಟ್ಟೆ ಕತ್ತರಿಸುವ ಮೇಜು ಕೆಳಗೇ ಉಳಿದಿತ್ತಲ್ಲ. ಮಾವ ಅದಕ್ಕಾಗಿ ಇಳಿದರು. ಹಿಂದಿನ ಗೋಡೆ ಒಡೆದುಕೊಂಡು ಬಂಡೆಯೊಂದು ಒಳಗೆ ಬಂತು. ಮೇಜೂ ಉಳಿಯಲಿಲ್ಲ, ಮಾವನೂ ಉಳಿಯಲಿಲ್ಲ.

ಕೆಸರು ಬಳಿದು ಹೊರಹಾಕಿದ ಮೇಲೆ ನೋಡಿದರೆ ಬಂಡೆ ಅಂಗಡಿಯ ನಟ್ಟನಡುವೆ ಕೂತಿತ್ತು. ಸೊಂಟದೆತ್ತರ, ಮಂಚದಷ್ಟು ಅಗಲ, ಮೇಲ್ಭಾಗ ಹೆಚ್ಚುಕಡಿಮೆ ಸಮ. ನನ್ನಪ್ಪ ಗಾರೆ ಕೆಲಸದವನು. ಒಡೆದ ಗೋಡೆ ಕಟ್ಟಲು ಬಂದವನು, ಮೊದಲು ಇದನ್ನು ಒಡೆದು ಹೊರಗೆ ಸಾಗಿಸೋಣ ಎಂದ. ಜೊತೆಗೆ ಸುತ್ತಿಗೆ, ಉಳಿ ಹಿಡಿದ ಆಳುಗಳನ್ನೂ ಕರೆತಂದಿದ್ದ. ಅತ್ತೆ ಬಂಡೆಯ ಮೇಲೆ ಹತ್ತಿ ಕೂತಳು, ಕೈಯಲ್ಲಿ ದೊಡ್ಡ ಕತ್ತರಿ.

"ಇಳಿಯಕ್ಕಾ. ಭಾವನ್ನ ತಿಂದ ಕಲ್ಲು ಕಣೇ ಅದು."

"ಅದಕ್ಕೇ ಬಿಡಲ್ಲ. ನನ್ನ ಗಂಡನ್ನ ತಿಂದು, ಮೇಜು ಮುರಿದು, ಈಗ ಪುಡಿಯಾಗಿ ಆರಾಮಾಗಿ ಹೋಗ್ಬಿಡುತ್ತಾ? ಮೇಜು ಮುರಿದಿದ್ದು ತಾನೇ ಮೇಜಾಗ್ಲಿ. ನಾನು ಸಾಯೋವರೆಗೂ ನನ್ನ ಮನೇಲಿ ದುಡೀಲಿ."

"ಜನ ಏನಂತಾರೆ?"

"ಜನಕ್ಕೆ ಬಟ್ಟೆ ಹೊಲಿಸ್ಕೊಳ್ಳೋದು ಬೇಡ್ವಂತಾ? ನೀನು ಗೋಡೆ ಕಟ್ಟು, ಸಾಕು."

ಅಪ್ಪ ಗೋಡೆ ಕಟ್ಟಿದ, ಬೆಳಕಿಗೆಂದು ಒಂದು ಕಿಟಕಿ ಇಟ್ಟ, ಮುಖ ಗಂಟಿಕ್ಕಿಕೊಂಡು ಹೊರಟುಹೋದ. ಭಾವನ ಪ್ರಾಣ ಹೋದ ಜಾಗದಲ್ಲಿ ಅಕ್ಕ ಲಂಗದ ಬಟ್ಟೆ ಹರಡುವುದನ್ನು ಅವನ ಕೈಲಿ ನೋಡಲಾಗಲಿಲ್ಲ. ಆಮೇಲೆ ವರ್ಷಗಟ್ಟಲೆ ಆ ಹೊಸಿಲು ತುಳಿಯಲಿಲ್ಲ.

ಅತ್ತೆ ಕಲ್ಲನ್ನು ನಿಜವಾಗಿಯೂ ಆಳಿನ ಹಾಗೆಯೇ ನಡೆಸಿಕೊಂಡಳು. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಬೈಗುಳ, ಸಂಜೆ ಅದರ ಮೇಲೆ ಹಾಸಿದ್ದ ಕಂಬಳಿ ಮಡಚುವಾಗ ಬೈಗುಳ. ಕಲ್ಲು ಹಳ್ಳದ ಕಡೆಗೆ ಸ್ವಲ್ಪ ವಾಲಿದ್ದರಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಕಡ್ಡಿ ಯಾವಾಗಲೂ ಅತ್ತಲೇ ಉರುಳುತ್ತಿತ್ತು. "ತವರು ನೆನಪಾಯ್ತಾ? ಬಿದ್ದಿರು ಇಲ್ಲೇ" ಎನ್ನುತ್ತಿದ್ದಳು. ಹೊಲಿಯುವಾಗ ಪ್ರತಿ ಸಾಲು ಮುಗಿದ ಮೇಲೆ ಪೆಡಲಿನಿಂದ ಕಾಲೆತ್ತಿ ಒಂದು ಕ್ಷಣ ಹಳ್ಳದ ಕಡೆಗೆ ಕಿವಿಗೊಡುತ್ತಿದ್ದಳು. ಗಿರಾಕಿಗಳಿಗೆ ಅಳತೆ ತೆಗೆಯುವಾಗಲೂ ಅದೇ ಪಾಠ: "ಸದ್ದು ಕೇಳಿದ್ರೆ ಸಾಮಾನು ಬಿಟ್ಟು ಓಡಿ. ಬೀದಿ ಪದ್ಧತಿ ಹಳ್ಳಕ್ಕೆ ಬೀಳ್ಲಿ." ಹಿರಿಯರು ಗೊಣಗಿದರು. ಅವಳು ಅವರ ಕತ್ತಿನ ಅಳತೆ ತೆಗೆಯುವಾಗ ಟೇಪನ್ನು ಸ್ವಲ್ಪ ಬಿಗಿ ಮಾಡಿದಳು, ಅಷ್ಟೇ.

ನನ್ನ ಮದುವೆ ಗೊತ್ತಾಯಿತು. ಅಪ್ಪನಿಗೆ ಕೋಟು ಬೇಕು. ಇಟ್ಟಿಗೆ ಹೊತ್ತು ಹೊತ್ತು ಅವನ ಎಡಹೆಗಲು ಇಳಿದುಹೋಗಿದೆ; ಆ ಹೆಗಲಿಗೆ ಸರಿಯಾಗಿ ಕತ್ತರಿಸುವವಳು ಇಡೀ ಊರಿಗೆ ಅತ್ತೆಯೊಬ್ಬಳೇ. ನಾನು ಅತ್ತು ಕರೆದು ಅವನನ್ನು ಎಳೆದುಕೊಂಡು ಹೋದೆ. ಅವನು ಬಂಡೆಯ ಕಡೆ ನೋಡದೆ ಕಿಟಕಿಗೆ ಮುಖಮಾಡಿ ನಿಂತ. ಅತ್ತೆ ಟೇಪನ್ನು ಅವನ ಕೊರಳಿಗೆ ಹಾಕಿದಳು. ಹೊರಗೆ ಒಳ್ಳೇ ಬಿಸಿಲಿತ್ತು.

ಅತ್ತೆಯ ಕೈ ಥಟ್ಟನೆ ನಿಂತಿತು. ಆಮೇಲೆ ನನಗೂ ಕೇಳಿಸಿತು. ಗಡಗಡ.

"ಏಣಿ ಹತ್ತೇ!" ಎಂದು ನನ್ನನ್ನು ದೂಡಿದಳು. ಅಟ್ಟದ ಏಣಿ ಬಂಡೆಯ ಮಗ್ಗುಲಿಗೇ ಇತ್ತು. ನಾನು ಹತ್ತಿ ತಿರುಗಿ ನೋಡುತ್ತೇನೆ, ನನ್ನಪ್ಪ ಹಳ್ಳದ ಬೀದಿಯಲ್ಲಿ ಹುಟ್ಟಿದವನಲ್ಲವೇ, ಬಾಗಿಲ ಬಳಿ ಕೂತು ಮಿಷನ್ನಿನ ತಲೆ ಬಿಚ್ಚುತ್ತಿದ್ದಾನೆ!

"ಬಿಡೋ ಅದನ್ನ!"

"ನಿನ್ನ ಅನ್ನ ಕಣೇ ಇದು!"

"ಹಾಳಾಗ್ಲಿ! ಮಿಷನ್ ಉಳಿಸ್ಕೊಂಡು ಒಬ್ಬನ್ನ ಕಳ್ಕೊಂಡಿದ್ದು ಸಾಲ್ದಾ?"

ಅವನ ಕೊರಳಲ್ಲೇ ಇದ್ದ ಟೇಪನ್ನು ಹಿಡಿದು, ಹೋರಿಯನ್ನು ಎಳೆಯುವ ಹಾಗೆ ಎಳೆದಳು. ಇಬ್ಬರೂ ಬಂಡೆಯ ಮೇಲೆ ಹತ್ತಿದರೋ ಇಲ್ಲವೋ, ಅಪ್ಪ ಕಟ್ಟಿದ್ದ ಗೋಡೆ ಕಿಟಕಿಸಮೇತ ಒಳಗೆ ಬಂತು. ಅದರ ಹಿಂದೆಯೇ ಒಂದು ಇಡೀ ಮರ. ಮರದ ಬೊಡ್ಡೆ ಬಂಡೆಗೆ ಡಿಕ್ಕಿ ಹೊಡೆದು ಅಡ್ಡ ತಿರುಗಿತು, ನೀರು ಎರಡು ಸೀಳಾಗಿ ಬಂಡೆಯ ಅತ್ತಿತ್ತ ಹರಿಯಿತು. ಬಂಡೆ ಜಗ್ಗಲಿಲ್ಲ. ಮಿಷನ್ನು ಮುಂಬಾಗಿಲಿನಿಂದ ಹೊರಟು ಬೀದಿ ಸೇರಿತು. ಅಂದು ಬೀದಿಯಲ್ಲಿ ತುಂಬ ಸಾಮಾನು ಹೋಯಿತು. ಜನ ಮಾತ್ರ ಒಬ್ಬರೂ ಹೋಗಲಿಲ್ಲ.

ನೀರಿಳಿದ ಮೇಲೂ ಅಪ್ಪ ಬಂಡೆಯ ಮೇಲೇ ಕೂತಿದ್ದ. ಮೆಲ್ಲಗೆ ಇಳಿದು, ತಿರುಗಿ, ಅದಕ್ಕೆ ಎರಡೂ ಕೈ ಜೋಡಿಸಿದ. ಅತ್ತೆ ಆ ಕೈಗಳ ಮೇಲೆ ಫಟ್ ಎಂದು ಹೊಡೆದಳು.

"ಕೈ ಗಿಯ್ ಮುಗಿದೀಯ ಮತ್ತೆ! ನಿನ್ನ ಭಾವನ್ನ ತಿಂದಿದ್ದು ಇದೇ."

ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನಂತೂ ಅಟ್ಟದ ಮೇಲೆ ಗೊಳೋ ಎಂದು ಅಳುತ್ತಿದ್ದೆ. ಅತ್ತೆ ಸೀರೆಯ ಸೆರಗು ಹಿಂಡಿ ಬಂಡೆಯ ಮೇಲಿನ ಕೆಸರನ್ನು ಒರೆಸತೊಡಗಿದಳು.

"ಇವನನ್ನ ಉಳಿಸಿದೆ ಅಂತ ರಜಾ ಸಿಗುತ್ತೆ ಅಂದ್ಕೋಬೇಡ" ಎಂದಳು ಅದಕ್ಕೆ. "ನಾಳೆ ಇವನ ಕೋಟು ಕತ್ತರಿಸೋದಿದೆ."

ಮಿಷನ್ನಿಲ್ಲದ್ದರಿಂದ ಆ ಕೋಟನ್ನು ಅವಳು ಪೂರ್ತಿ ಕೈಯಲ್ಲೇ ಹೊಲಿದಳು. ನನ್ನ ಮದುವೆಯಲ್ಲಿ ಅಪ್ಪನ ಎರಡು ಹೆಗಲೂ ಸಮನಾಗಿ ಕಾಣುತ್ತಿದ್ದವು.