ಪ್ಲೈವುಡ್ ಟ್ಯಾಂಕಿನ ಮೇಲೆ

ಎಪ್ಪತ್ತೊಂದರ ಯುದ್ಧದಲ್ಲಿ ನೆಲಬಾಂಬು ಸಿಡಿದು ಚಿಕ್ಕಮುನಿಯಪ್ಪ ಬಲಗಾಲು ಕಳೆದುಕೊಂಡಿದ್ದ. ಅತ್ತಿಗುಪ್ಪೆಗೆ ಮರಳಿದವನು ಊರುಗೋಲಿನಲ್ಲೇ ಓಡಾಡುತ್ತ ಸೈಕಲ್ ರಿಪೇರಿ ಅಂಗಡಿ ನಡೆಸಿ ಸಂಸಾರ ತೂಗಿಸಿದ.

ಎಂಬತ್ತಾರರ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ವಿಜಯನಗರದ ಸಂಘವೊಂದು ಲಾರಿಯ ಮೇಲೆ ಪ್ಲೈವುಡ್ ಟ್ಯಾಂಕು ಕಟ್ಟಿಸಿತು. ಶತ್ರುಗಳಿಂದ ಗೆದ್ದು ತಂದ ಟ್ಯಾಂಕಂತೆ ಅದು. ಅದರ ಮೇಲೆ ಸೈನಿಕರ ವೇಷದಲ್ಲಿ ಕಾಲೇಜು ಹುಡುಗರು ನಿಂತಿದ್ದರು. ಚಿಕ್ಕಮುನಿಯಪ್ಪ ತನ್ನ ಹಳೆಯ ಸಮವಸ್ತ್ರ ತೊಟ್ಟು, ಪದಕ ಚುಚ್ಚಿಕೊಂಡು ಬಂದ.

ಸಂಘದ ಅಧ್ಯಕ್ಷ ಗಂಗಾಧರಯ್ಯನವರು ಅವನನ್ನು ಪಕ್ಕಕ್ಕೆ ಕರೆದರು. "ನೀವು ಸ್ಟೇಜ್ ಮೇಲೆ ಕೂತ್ಕೊಳ್ಳಿ, ಕಾಲಿಗೊಂದು ಶಾಲು ಹೊದಿಸ್ತೀವಿ. ಇದು ಗೆಲುವಿನ ಮೆರವಣಿಗೆ, ನೋಡಿದೋರು ಅಯ್ಯೋ ಪಾಪ ಅನ್ನಬಾರ್ದು ನೋಡಿ."

"ಸಾರ್, ಆ ಗೆಲುವಿಗೆ ಕಾಲು ಕೊಟ್ಟೋನು ನಾನು. ಮುಚ್ಚಿಡೋಕೆ ಅದೇನು ಕದ್ದ ಮಾಲಾ?"

ಅಷ್ಟು ಹೇಳಿ ಊರುಗೋಲನ್ನು ಲಾರಿಯೊಳಕ್ಕೆ ಎಸೆದ. ಎರಡೂ ಕೈಯಿಂದ ಹಗ್ಗ ಹಿಡಿದು, ಹಲ್ಲು ಕಚ್ಚಿ ಮೇಲೇರಿದ. ಮರದ ಟ್ಯಾಂಕು ಗಡಗಡ ಅಲುಗಿತು. ಹುಡುಗರು ಸರಿದು ಜಾಗ ಬಿಟ್ಟರು. ಅಧ್ಯಕ್ಷರು "ಇಳೀರಿ, ಇಳೀರಿ" ಅನ್ನುತ್ತಿರುವಾಗಲೇ ಡ್ರೈವರ್ ಲಾರಿ ಹೊರಡಿಸಿಬಿಟ್ಟ.

ದಾರಿಯುದ್ದಕ್ಕೂ ಚಿಕ್ಕಮುನಿಯಪ್ಪ ಒಂಟಿಗಾಲಿನಲ್ಲಿ ಎದೆಯೆತ್ತಿ ನಿಂತಿದ್ದ. ಬೀದಿಯಲ್ಲಿ ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಜಗಲಿಯ ಮೇಲೆ ಕೂತಿದ್ದವರು ಎದ್ದು ನಿಂತರು.