ಆಲಿಕೆಯ ಕೆಳಗಿನ ಕರ್ಪೂರ

ಮಹಡಿ ಕಟ್ಟಿಸಿದ ನೆಪದಲ್ಲಿ ಕಡೂರಿನ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ಅವತ್ತು ಏನೇನು ಕೆಡಬಹುದಿತ್ತು ಎಂದರೆ... ಪುರೋಹಿತರ ಸ್ಕೂಟರ್ ದಾರಿಯಲ್ಲಿ ಪಂಕ್ಚರ್ ಆಗಬಹುದಿತ್ತು. ಸಖರಾಯಪಟ್ಟಣದಿಂದ ಬಸ್ಸಿಗೆ ಹಾಕಿದ್ದ ಬಾಳೆಕಂಬ ಕಡೂರಿನಲ್ಲಿ ಇಳಿಯದೆ ಮುಂದಕ್ಕೆ ಹೊರಟುಹೋಗಬಹುದಿತ್ತು. ಪ್ರಸಾದದ ರವೆಯಲ್ಲಿ ಹುಳ ಕಾಣಬಹುದಿತ್ತು. ಸಿಲಿಂಡರ್ ಸೋರಬಹುದಿತ್ತು. ಊಟದ ಪಂಕ್ತಿಯಲ್ಲಿ ನನ್ನ ಇಬ್ಬರು ಭಾವಂದಿರು ಎದುರುಬದುರು ಕೂತುಬಿಡಬಹುದಿತ್ತು.

"ನೀವೊಬ್ರು ಸುಮ್ನಿದ್ರೆ ಎಲ್ಲಾ ಸರಿಹೋಗುತ್ತೆ ಕಣ್ರೀ," ಎಂದಳು ಹೆಂಡತಿ.

ಸುಮ್ಮನಿರುವುದು ನನಗೆ ಬರುವುದಿಲ್ಲ. ಕರ್ಪೂರ ಆವಿಯಾಗಿ ಹೋಗಿದ್ದರೆ ಎಂಬ ಹೊಸ ಚಿಂತೆ ಹುಟ್ಟಿತು. ದೇವರ ಗೂಡಿನಿಂದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದೆ. ಬಿಲ್ಲೆಗಳು ಇದ್ದವು, ಅಂಚು ಸವೆದು ಕೊಂಚ ಸಣ್ಣಗಾಗಿದ್ದವು. ಆ ವಾಸನೆ ಮಾತ್ರ ಒಮ್ಮೆಗೇ ಮೂಗಿಗೆ ಬಡಿಯಿತು...

ಮನೆಯಲ್ಲಿ ಉಳಿದವರಿಗೆಲ್ಲ ಅದು ದೇವರ ವಾಸನೆ. ನನಗೆ ಅಜ್ಜಂಪುರದ ಹೈಸ್ಕೂಲಿನ ಲ್ಯಾಬಿನದು. ನಮ್ಮ ಸೈನ್ಸ್ ಮಿಸ್‌ದು.

ಅವರು ದಿನಾ ತರೀಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೆಲಸ ಖಾಯಂ ಆಗಿರಲಿಲ್ಲ. ಪ್ರತಿ ಬೇಸಿಗೆ ರಜೆಗೆ ಹೋಗುವಾಗಲೂ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ. ಖಾಸಗಿ ಶಾಲೆ, ಇಟ್ಟುಕೊಳ್ಳುವುದೂ ಕಳಿಸುವುದೂ ಆಡಳಿತ ಮಂಡಳಿಯ ಅಧ್ಯಕ್ಷರ ಮರ್ಜಿ. ಮಿಸ್ ಬೌದ್ಧ ಕುಟುಂಬದವರು. ತಂದೆಯ ಕಾಲದಲ್ಲಿ ಮನೆಮಂದಿಯೆಲ್ಲ ಬೌದ್ಧರಾದದ್ದಂತೆ. ಅದಕ್ಕೂ ಮುಂಚೆ ಅವರದು ಯಾವ ಕೇರಿ ಎಂಬುದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೆಡ್‌ಮಾಸ್ಟರೇ ಮುತುವರ್ಜಿಯಿಂದ ತಿಳಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕುರ್ಚಿ ಖಾಲಿ ಇದ್ದರೂ ಮಿಸ್ ಬುತ್ತಿ ಬಿಚ್ಚುತ್ತಿದ್ದದ್ದು ಲ್ಯಾಬಿನಲ್ಲಿ, ಒಬ್ಬರೇ.

ಪಾಠ ಮಾತ್ರ ಗಮ್ಮತ್ತಾಗಿರುತ್ತಿತ್ತು. ಬಾಗಿಲ ಬಳಿ ಊದುಬತ್ತಿ ಹಚ್ಚಿ, ವಾಸನೆ ಬಂದವರು ಕೈ ಎತ್ತಿ ಎನ್ನುತ್ತಿದ್ದರು. ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಕೈಗಳು ಒಂದೊಂದಾಗಿ ಏಳುತ್ತಿದ್ದವು. "ನೋಡ್ರೋ, ಅನಿಲಕ್ಕೆ ಮೇಲು ಬೆಂಚು ಕೆಳಗಿನ ಬೆಂಚು ಅಂತಿಲ್ಲ, ಎಲ್ಲಾ ಕಡೆ ಹರಡ್ಕೊಳ್ಳುತ್ತೆ," ಎನ್ನುತ್ತಿದ್ದರು. ಐಸು ಕರಗಿದರೆ ನೀರು, ನೀರು ಕಾದರೆ ಆವಿ. ರೂಪ ಬದಲಾಗುತ್ತೆ, ವಸ್ತು ಬದಲಾಗಲ್ಲ ಎಂದು ನಮ್ಮಿಂದ ರಾಗವಾಗಿ ಹೇಳಿಸುತ್ತಿದ್ದರು. ಸ್ಪಿರಿಟ್ ದೀಪ ಹಚ್ಚುವ ಮೊದಲೇ ನಾನು ಬೆಂಚಿನ ಕೆಳಗೆ ತೂರುತ್ತಿದ್ದೆ. "ಏನಪ್ಪಾ, ನೀರಿಗಿಂತ ಮುಂಚೆ ನಿನ್ ಜೀವಾನೇ ಆವಿ ಆಗ್ಬಿಡ್ತಾ?" ಎಂದು ನಗುತ್ತಿದ್ದರು.

ಒಂದು ವರ್ಷ ಖಾಯಂ ಮಾಡುವ ಮಾತು ಬಂತು. ಅಧ್ಯಕ್ಷರು ಖುದ್ದಾಗಿ ಪಾಠ ನೋಡಲು ಬರುತ್ತಾರೆ ಎಂದು ಹೆಡ್‌ಮಾಸ್ಟರು ಹೇಳಿದರು. ಮಿಸ್ ಅವತ್ತಿಗೆ ಆರಿಸಿಕೊಂಡದ್ದು ಉತ್ಪತನ. ಘನವಸ್ತು ನೀರಾಗದೆ ನೇರ ಅನಿಲವಾಗುವುದು, ತಣ್ಣಗಾದರೆ ಮತ್ತೆ ನೇರ ಘನವಾಗುವುದು. ಲ್ಯಾಬಿನಲ್ಲಿ ಬೇರೇನೂ ಇರಲಿಲ್ಲವಾದ್ದರಿಂದ ದಿನಸಿ ಅಂಗಡಿಯಲ್ಲಿ ಕರ್ಪೂರ ತಂದಿದ್ದರು. ಪುಡಿ ಮಾಡಿ ಪಿಂಗಾಣಿ ಬಟ್ಟಲಿಗೆ ಹಾಕಿ, ಮೇಲೆ ಗಾಜಿನ ಆಲಿಕೆ ಕವುಚಿ, ಅದರ ಮೇಲಿನ ಕೊಳವೆಯ ತುದಿಗೆ ಹತ್ತಿ ತುರುಕಿ, ಕೆಳಗೆ ಸ್ಪಿರಿಟ್ ದೀಪ ಇಟ್ಟರು. ಸ್ವಲ್ಪ ಹೊತ್ತಿಗೆ ಆಲಿಕೆಯ ಒಳಮೈಗೆ ಬೆಳ್ಳಗೆ ಹರಳು ಕಟ್ಟತೊಡಗಿತು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಮಿಸ್ ಮುಖದಲ್ಲಿ ಅಂಥ ಬೆಳಕನ್ನು ನಾನು ಮತ್ತೆ ಕಾಣಲಿಲ್ಲ...

"ಎಲ್ಲಿ, ನೋಡಣ," ಎಂದ ಅಧ್ಯಕ್ಷರು ಸೀದಾ ಬಂದು ಆಲಿಕೆಯನ್ನು ಎತ್ತಿಯೇಬಿಟ್ಟರು. "ಸಾರ್, ಬೇಡ," ಎನ್ನುವಷ್ಟರಲ್ಲಿ ಆವಿಗೆ ಬೆಂಕಿ ತಗುಲಿ ಬಟ್ಟಲು ಧಗ್ ಎಂದಿತು.

ಆಮೇಲೆ ಆದದ್ದು ನಮ್ಮ ಕಡೆಯ ಜನ ಮಾತ್ರ ಮಾಡುವಂಥದ್ದು. ಹೆಡ್‌ಮಾಸ್ಟರು ಚಪ್ಪಲಿ ಬಿಟ್ಟು ಕೈಮುಗಿದರು. ಅಧ್ಯಕ್ಷರು ಉರಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೊತ್ತಿಕೊಂಡರು. ಇಡೀ ಕ್ಲಾಸು ಎದ್ದು ನಿಂತು ಕೈ ಜೋಡಿಸಿತು, ನಾನೂ ಸೇರಿ. ಕರ್ಪೂರ ಉರಿದರೆ ನಮಗೆ ಗೊತ್ತಿದ್ದದ್ದು ಅದೊಂದೇ. ಬಟ್ಟಲ ಪಕ್ಕದಲ್ಲೇ ಸ್ಪಿರಿಟ್ ಬಾಟಲಿ ಇತ್ತು. ಅದನ್ನು ಕಂಡವರು ಮಿಸ್ ಒಬ್ಬರೇ. ಬಗ್ಗಿದವರೇ ಜೋರಾಗಿ ಊದಿ ಬೆಂಕಿ ಆರಿಸಿದರು.

"ಏನಮ್ಮಾ, ಆರತೀನ ಬಾಯಲ್ಲಿ ಊದ್ತೀಯಾ?" ಎಂದರು ಅಧ್ಯಕ್ಷರು.

"ಇದು ಆರತಿ ಅಲ್ಲ ಸಾರ್. ಪಕ್ಕದಲ್ಲಿ ಸ್ಪಿರಿಟ್ ಇತ್ತು."

"ನಮ್ಗೇ ಹೇಳ್ಕೊಡ್ತಾಳೆ ನೋಡ್ರೀ!"

ಹೊರಗೆ ಹೋಗುತ್ತಾ ಹೆಡ್‌ಮಾಸ್ಟರು ಹಲ್ಲು ಕಿರಿದರು. "ಅವ್ರೇ ಹೇಳ್ಕೊಟ್ಟಿರೋ ಪಾಠ ಅಲ್ವಾ ಸಾರ್? ರೂಪ ಬದಲಾಗುತ್ತೆ, ವಸ್ತು ಬದಲಾಗಲ್ಲ." ಅಧ್ಯಕ್ಷರು ಹೊಟ್ಟೆ ಕುಣಿಸಿಕೊಂಡು ನಕ್ಕರು. ಬಾಗಿಲು ತೆರೆದೇ ಇತ್ತು. ಮಿಸ್ ಬಟ್ಟಲು ತೊಳೆಯುತ್ತಲೇ ಇದ್ದರು, ತೊಳೆದ ಮೇಲೂ ತೊಳೆಯುತ್ತಿದ್ದರು.

ಜೂನ್‌ನಲ್ಲಿ ಅವರನ್ನು ಕರೆಯಲಿಲ್ಲ. ಅಧ್ಯಕ್ಷರ ತಂಗಿಯ ಸೊಸೆ ಬಂದರು, ಬಂದ ವರ್ಷವೇ ಖಾಯಂ ಆದರು. ಉತ್ಪತನ ಎಂದು ಬೋರ್ಡಿನ ಮೇಲೆ ಬರೆದು, ಇದು ಇಂಪಾರ್ಟೆಂಟ್ ಎಂದು ಅಡಿಗೆರೆ ಎಳೆದರು. ಮಿಸ್ ತರೀಕೆರೆಯ ಮನೆಯಲ್ಲಿ ಟ್ಯೂಷನ್ ಹೇಳುತ್ತಾರೆಂದು ಯಾರೋ ಅಂದರು. ಹೋಗಿ ನೋಡಬೇಕು ಅಂದುಕೊಂಡೆ... ಆ ಬಸ್ಸು ಇವತ್ತಿಗೂ ಓಡುತ್ತದೆ. ಹೋದ ವರ್ಷ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಸಹಪಾಠಿ, ಟೀ ಆರಿಸಿಕೊಳ್ಳುತ್ತಾ, "ನಮ್ ಸೈನ್ಸ್ ಮಿಸ್ ಹೋಗ್ಬಿಟ್ರು ಕಣೋ, ಗೊತ್ತಾಗಲಿಲ್ವಾ?" ಎಂದ. ಗೊತ್ತಾಗಿರಲಿಲ್ಲ.

ಇನ್ನು ಪೂಜೆಯ ವಿಷಯ. ಪುರೋಹಿತರು ಹೊತ್ತಿಗೆ ಸರಿಯಾಗಿ ಬಂದರು. ಬಾಳೆಕಂಬವೂ ಬಂತು. ರವೆ ಚೊಕ್ಕಟವಾಗಿತ್ತು, ಭಾವಂದಿರು ಒಬ್ಬರಿಗೊಬ್ಬರು ಬಡಿಸಿಕೊಂಡು ಉಂಡರು. ಕೊನೆಯ ಮಂಗಳಾರತಿಯ ತಟ್ಟೆ ಕೈಯಿಂದ ಕೈಗೆ ದಾಟುತ್ತಿದ್ದಾಗ ಮಾತ್ರ ಗಾಳಿಗೆ ಹಾರಿದ ಕಿಟಕಿಯ ಪರದೆ ಉರಿಯ ಹತ್ತಿರ ಬಂತು. ಯೋಚಿಸಲಿಲ್ಲ. ಬಗ್ಗಿ, ಬಾಯಿಂದ ಊದಿಬಿಟ್ಟೆ.

ಮನೆ ತುಂಬ ಜನ. ಆರತಿಗೆ ಚಾಚಿದ್ದ ಕೈಗಳು ಅಲ್ಲೇ ನಿಂತವು.

"ಇವ್ರ ಪುಕ್ಕಲುತನ ಯಾವಾಗ್ಲೂ ಇದ್ದಿದ್ದೇ ಕಣ್ರೀ!" ಎಂದಳು ಹೆಂಡತಿ. ಎಲ್ಲರೂ ಗೊಳ್ಳೆಂದು ನಕ್ಕರು. ಪುರೋಹಿತರೂ ನಕ್ಕರು. "ಬಿಡಿ ಸ್ವಾಮಿ, ಪರದೆ ಉಳೀತಲ್ಲ. ಇನ್ನೊಂದ್ ಬಿಲ್ಲೆ ಹಚ್ಚಿದ್ರಾಯ್ತು," ಎಂದು ಡಬ್ಬಿಗೆ ಕೈ ಹಾಕಿದರು.

ಅವತ್ತು ಕೆಟ್ಟದ್ದು ಅದೊಂದೇ, ಒಂದು ಬಿಲ್ಲೆ ಕರ್ಪೂರ.